ಗೃಹಶಿಲ್ಪಿಯ ಧರ್ಮ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ಎರಡು ಕಾರ್ಯಗಳಲ್ಲಿ ಹಣವು ನೀರಿನಂತೆ ಹರಿಯುತ್ತದೆ, ಎಣಿಸಿದುದೊಂದು ಆಗುವುದೊಂದು ಎಂಬುದೇ ಅದರ ತಾತ್ಪರ್ಯವೆಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಹಿರಿಯರು ಇವೆರಡನ್ನು ಜೊತೆಗೂಡಿಸಿದುದಕ್ಕೆ ಇನ್ನೊಂದು ಕಾರಣವನ್ನೂ ಊಹಿಸಬಹುದು. ಹಿಂದಿನ ಕಾಲದಲ್ಲಿ ಮದುವೆಯನ್ನು ನಿಶ್ಚಯಿಸುವಾಗ ಊರಿನವರನ್ನೆಲ್ಲ ಕೇಳುತ್ತಿದ್ದರು; ಹುಡುಗಿಯೊಬ್ಬಳನ್ನು ಮಾತ್ರ ಕೇಳುತ್ತಿರಲಿಲ್ಲ. ಮನೆಯ ನಕ್ಷೆಯನ್ನು ನಿಶ್ಚಯಿಸುವ ಕ್ರಮವೂ ಇಂದಿಗೂ ಬಹುಮಟ್ಟಿಗೆ ಹಾಗೆಯೇ ಇದೆ. ಜೋಯಿಸರನ್ನು ಕೇಳುತ್ತಾರೆ, ಮೇಸ್ತ್ರಿಯನ್ನು ಕೇಳುತ್ತಾರೆ, ಸಾಲ ಕೊಡುವವರನ್ನು ಕೇಳುತ್ತಾರೆ, ಈಚೆಗೆ ಮನೆ ಕಟ್ಟಿಸಿದ ಷಡ್ಡಕನನ್ನು ಕರೆದುಕೊಂಡು ಬಂದು ಕೇಳುತ್ತಾರೆ. ಬೆಳಗಿನಿಂದ ಒಲೆಯ ಮುಂದೆ ನಿಲ್ಲತಕ್ಕವಳನ್ನೂ, ರಾತ್ರಿ ಮೂರು ಸಲ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗತಕ್ಕ ಮುದುಕನನ್ನೂ ಕೇಳುವವರಿಲ್ಲ. ಗೃಹವೆಂದರೆ ಗೋಡೆ ಸೂರುಗಳಲ್ಲ, ಗೃಹಿಣಿಯೇ ಎಂದು ಸಾರುವ ಸುಭಾಷಿತವನ್ನು ಗೃಹಪ್ರವೇಶದ ದಿವಸ ಹೇಳುವುದಕ್ಕೆ ಮಾತ್ರ ಯಾರೂ ಮರೆಯುವುದಿಲ್ಲ.

ಇದರಿಂದ ಒಂದು ಧರ್ಮಪ್ರಶ್ನೆಯು ಹುಟ್ಟುತ್ತದೆ. ಮನೆಯ ನಕ್ಷೆಯನ್ನು ಬರೆಯತಕ್ಕ ಶಿಲ್ಪಿಯು ಯಾರ ಮಾತಿಗೆ ಕಟ್ಟುಬಿದ್ದವನು? ಹಣ ಕೊಡುವ ಯಜಮಾನನ ಮಾತಿಗೋ, ತನ್ನ ಕಲೆಯ ನಿಯಮಕ್ಕೋ, ಅಥವಾ ನಕ್ಷೆ ಬರೆಯುವ ಹೊತ್ತಿನಲ್ಲಿ ಬಾಯಿ ತೆರೆಯದೆ, ಕಟ್ಟಿ ಮುಗಿದ ಮೇಲೆ ನಲವತ್ತು ವರ್ಷ ಅದರಲ್ಲಿ ಬಾಳತಕ್ಕವರಿಗೋ?

ಪ್ರಾಚೀನ ವಾಸ್ತುಗ್ರಂಥಗಳು ಈ ಪ್ರಶ್ನೆಯನ್ನು ಇದೇ ರೂಪದಲ್ಲಿ ಎತ್ತಿಲ್ಲವಾದರೂ ಅದರ ಸುಳಿವು ಅವುಗಳಲ್ಲಿ ಇಲ್ಲದಿಲ್ಲ. ಮಯಮತವು ಕಟ್ಟಡದ ಕೆಲಸಗಾರರನ್ನು ಸ್ಥಪತಿ, ಸೂತ್ರಗ್ರಾಹಿ, ತಕ್ಷಕ, ವರ್ಧಕಿ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಹಗ್ಗ ಹಿಡಿದು ಅಳೆಯುವವನು ಸೂತ್ರಗ್ರಾಹಿ, ಕೆತ್ತುವವನು ತಕ್ಷಕ, ಕೆತ್ತಿದುದನ್ನು ಕೂಡಿಸುವವನು ವರ್ಧಕಿ. ಇವರೆಲ್ಲರ ಮೇಲೆ ಸ್ಥಪತಿ. ಈ ಸ್ಥಪತಿಯು ಸಕಲಶಾಸ್ತ್ರಗಳನ್ನು ಬಲ್ಲವನಾಗಿರಬೇಕೆಂದು ಹೇಳಿದುದು ಆಶ್ಚರ್ಯವಲ್ಲ. ಧಾರ್ಮಿಕನೂ ದಯಾಪರನೂ ಅಸೂಯೆಯಿಲ್ಲದವನೂ ಆಗಿರಬೇಕೆಂದು ಹೇಳಿದುದು ವಿಚಾರ ಮಾಡತಕ್ಕ ಮಾತು. ಗೋಡೆಯ ಉದ್ದಗಲಗಳನ್ನು ಹೇಳುವವನಿಗೆ ದಯೆಯು ಏತಕ್ಕೆ ಬೇಕು? ಕೆಟ್ಟ ಕಾವ್ಯವನ್ನು ಓದುಗನು ಎರಡು ಪದ್ಯ ಓದಿ ಮುಚ್ಚಿಡಬಹುದು. ಕೆಟ್ಟ ಸಂಗೀತದ ಸಭೆಯಿಂದ ಎದ್ದು ಹೋಗಬಹುದು. ಕೆಟ್ಟ ಗೋಡೆಯಿಂದ ಎದ್ದುಹೋಗುವುದು ಸಾಧ್ಯವಿಲ್ಲ. ಅಡ್ಡವಾಗಿ ಹಾಕಿದ ಒಂದು ಮೆಟ್ಟಿಲಿಗೆ ಮನೆಯ ಸೊಸೆಯು ಹೊಸದಾಗಿ ಬಂದಾಗಲೂ ಎಡವುತ್ತಾಳೆ, ಅತ್ತೆಯಾದ ಮೇಲೆಯೂ ಎಡವುತ್ತಾಳೆ. ಋಗ್ವೇದದ ಏಳನೆಯ ಮಂಡಲದಲ್ಲಿ ವಾಸ್ತೋಷ್ಪತಿಯನ್ನು ಪ್ರಾರ್ಥಿಸುವ ಋಷಿಯು ಮನೆಯ ಎರಡು ಕಾಲಿನವರಿಗೆ ಮಾತ್ರವಲ್ಲದೆ ನಾಲ್ಕು ಕಾಲಿನವಕ್ಕೂ ಸುಖವನ್ನು ಬೇಡಿಕೊಂಡಿದ್ದಾನೆ. ಮಾತು ಬಾರದ ದನಕರುಗಳನ್ನೂ ಮನೆಯ ಲೆಕ್ಕಕ್ಕೆ ಸೇರಿಸಿದ ಆ ಔದಾರ್ಯವು ದೊಡ್ಡದು.

ಆದರೆ ಶಾಸ್ತ್ರವನ್ನು ಹೊಗಳಿದಷ್ಟೇ ನಿಷ್ಠೆಯಿಂದ ಅದರ ಇನ್ನೊಂದು ಮುಖವನ್ನೂ ಹೇಳಬೇಕಾಗುತ್ತದೆ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅರಸನ ಶ್ರೇಷ್ಠವಾದ ಮನೆಯ ಅಗಲವು 108 ಮೊಳ. ಪ್ರಜೆಗಳ ಮನೆಗಾದರೋ ವರ್ಣಾನುಸಾರವಾಗಿ 32 ಮೊಳದಿಂದ ನಾಲ್ಕು ನಾಲ್ಕು ಮೊಳ ಇಳಿಸುತ್ತ ಕಟ್ಟಕಡೆಯವನಿಗೆ 16 ಮೊಳ ಎಂಬ ವಿಧಿ. ಅಂದರೆ ಸೂತ್ರಗ್ರಾಹಿಯ ಹಗ್ಗವು ನೆಲವನ್ನು ಅಳೆಯುವುದಕ್ಕೆ ಮುಂಚೆ ಮನುಷ್ಯನನ್ನು ಅಳೆದಿತ್ತು. ಗೋಡೆಯೆಂಬುದು ಬಿಸಿಲು ಮಳೆಗಳನ್ನು ತಡೆಯುವ ವಸ್ತು ಮಾತ್ರವಲ್ಲ. ಯಾರು ಎಲ್ಲಿಯ ತನಕ ಬರಬಹುದು, ಯಾರು ಎಲ್ಲಿ ನಿಲ್ಲಬೇಕು ಎಂಬ ಆಜ್ಞೆಯೂ ಹೌದು. ಬಾಯಿಂದ ಹೊರಟ ಆಜ್ಞೆಯನ್ನು ಮಗನು ಮೀರಬಹುದು, ಮೊಮ್ಮಗನು ಮರೆಯಬಹುದು. ಕಲ್ಲು ಮಣ್ಣುಗಳಲ್ಲಿ ಕೊಟ್ಟ ಆಜ್ಞೆಯು ಕೊಟ್ಟವನು ಸತ್ತ ಮೇಲೆಯೂ ನಡೆಯುತ್ತಲೇ ಇರುತ್ತದೆ.

ಇದಕ್ಕೆ ದೂರದ ನಿದರ್ಶನ ಬೇಡ. ಹಳೆಯ ಮೈಸೂರು ಸೀಮೆಯ ತೊಟ್ಟಿಯ ಮನೆಯೇ ಸಾಕು. ಅದರ ಸೊಬಗನ್ನು ಕಂಡವರು ಮರೆಯುವಂತಿಲ್ಲ. ಬೀದಿಯ ಕಡೆಗೆ ಜಗಲಿ. ಅದರ ಮೇಲೆ ದಣಿದು ಬಂದ ದಾರಿಹೋಕನು ಯಾರ ಅಪ್ಪಣೆಯನ್ನೂ ಕೇಳದೆ ಗಂಟಿಳಿಸಿ ಕುಳಿತುಕೊಳ್ಳಬಹುದಾಗಿತ್ತು. ಒಳಗೆ ಪಡಸಾಲೆ, ಅದನ್ನು ದಾಟಿದರೆ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ನಾಲ್ಕು ದಿಕ್ಕಿನ ಇಳಿಜಾರು ಮಾಡುಗಳಿಂದ ಮಳೆಯ ನೀರು ಮನೆಯ ಹೊಟ್ಟೆಯೊಳಕ್ಕೇ ಸುರಿಯುತ್ತಿತ್ತು. ಮಕ್ಕಳಿಗೆ ಅದೇ ಮೊದಲನೆಯ ಸಮುದ್ರ. ಬಿಸಿಲಿನ ಕೋಲು ಯಾವ ಕಂಬವನ್ನು ಮುಟ್ಟಿತೆಂಬುದನ್ನು ನೋಡಿ ಅಜ್ಜಿಯು ಗಡಿಯಾರವಿಲ್ಲದೆ ಹೊತ್ತು ಹೇಳುತ್ತಿದ್ದಳು. ಬೇಸಗೆಯ ಮಧ್ಯಾಹ್ನ ಬಿಸಿಗಾಳಿಯು ತೊಟ್ಟಿಯಿಂದ ಮೇಲಕ್ಕೆ ಏರಿಹೋಗಿ, ಮಣ್ಣಿನ ದಪ್ಪ ಗೋಡೆಗಳ ನಡುವೆ ಪಡಸಾಲೆಯು ತಂಪಾಗಿರುತ್ತಿತ್ತು. ಜಗಳವಾಡಿದ ಓರಗಿತ್ತಿಯರು ಒಬ್ಬರ ಮುಖವನ್ನೊಬ್ಬರು ನೋಡದೆ ಆ ತೊಟ್ಟಿಯನ್ನು ಸುತ್ತುವುದು ಸಾಧ್ಯವಿರಲಿಲ್ಲ. ಆದಕಾರಣ ಜಗಳವು ಎರಡು ದಿವಸಕ್ಕಿಂತ ಹೆಚ್ಚು ಬಾಳುವುದೂ ಕಷ್ಟವಾಗಿತ್ತು.

ಅದೇ ಮನೆಯಲ್ಲಿ ಇನ್ನೂ ಹಿಂದಕ್ಕೆ ಹೋಗಿ ನೋಡತಕ್ಕದ್ದು. ಅಡುಗೆಮನೆಯು ಹೊಗೆಯಿಂದ ಕರ್ರಗಾಗಿ, ಒಂದು ಬೆಳಕಿಂಡಿಯಿಂದ ಬಿದ್ದಷ್ಟೇ ಬೆಳಕು. ಎಲ್ಲಕ್ಕಿಂತ ಹೆಚ್ಚಾಗಿ ಗಾಳಿ ಬೇಕಾದ ಬಾಣಂತಿಗೆ ಎಲ್ಲಕ್ಕಿಂತ ಕತ್ತಲೆಯ ಕೋಣೆ. ತಿಂಗಳಿಗೆ ಮೂರು ದಿನ ಹೊರಗೆ ಕೂಡುವವರಿಗೆ ಹಿತ್ತಿಲ ಕಡೆಯ ಒಂದು ಮೂಲೆ. ತಲೆ ಬೋಳಿಸಿಕೊಂಡ ಹೆಂಗಸು ಇದ್ದರೆ ಅವಳಿಗೆ ಅಡುಗೆಮನೆಯ ಹಿಂದಿನ ಜಾಗ; ಜಗಲಿಯು ಅವಳ ಪಾಲಿಗೆ ಇನ್ನೊಂದು ದೇಶ. ಹೊಲೆ ಮಾದಿಗರೆನಿಸಿಕೊಂಡವರಿಗೆ ಆ ಉದಾರವಾದ ಜಗಲಿಯೂ ಇಲ್ಲ. ಅವರು ಅಂಗಳದಲ್ಲಿ, ಜಗಲಿಗಿಂತ ಎರಡು ಮೊಳ ಕೆಳಗೆ, ಬಿಸಿಲಿನಲ್ಲಿ ನಿಂತು ಮಾತನಾಡತಕ್ಕದ್ದು. ಯಾರ ಅಪ್ಪಣೆಯನ್ನೂ ಕೇಳದೆ ಕುಳಿತುಕೊಳ್ಳಬಹುದಾಗಿತ್ತೆಂದು ಮೇಲೆ ಹೇಳಿದ ಮಾತಿನಲ್ಲಿ ಈ ತಿದ್ದುಪಡಿಯನ್ನು ಓದುಗರು ಸೇರಿಸಿಕೊಳ್ಳಬೇಕು. ಅಂಥ ಮನೆಯನ್ನು ಕಟ್ಟಿದ ಮೇಸ್ತ್ರಿಯು ದುಷ್ಟನಾಗಿರಲಿಲ್ಲ; ರೂಢಿ ಇದ್ದಂತೆ ಕಟ್ಟಿದನು, ಅಷ್ಟೆ. ಧರ್ಮಪ್ರಶ್ನೆಯು ತೊಡಕಾಗುವುದೂ ಇಲ್ಲಿಯೇ. ದುಷ್ಟತನವಿಲ್ಲದೆಯೇ ಒಬ್ಬನು ಇನ್ನೊಬ್ಬರ ಬಾಳಿನ ಬೆಳಕನ್ನು ಒಂದು ಇಟ್ಟಿಗೆಯ ದಪ್ಪದಿಂದ ಮುಚ್ಚಬಲ್ಲನು.

ರೂಢಿಯು ಹೀಗೆ ಕುರುಡಾದರೆ ಶಿಲ್ಪಿಯು ಅದನ್ನು ತಳ್ಳಿ ತನ್ನ ಬುದ್ಧಿಯನ್ನೇ ಪ್ರಮಾಣವಾಗಿಟ್ಟುಕೊಳ್ಳಲಿ ಎಂದು ಹೇಳಬಹುದು. ಇಪ್ಪತ್ತನೆಯ ಶತಮಾನದ ಯೂರೋಪಿನಲ್ಲಿ ಹಾಗೆ ಮಾಡಿದವರಿಗೆ ಕೊರತೆಯಿಲ್ಲ. ಅವರಲ್ಲಿ ಅಗ್ರಗಣ್ಯನಾದ ಲ ಕಾರ್ಬೂಸಿಯೇ ಎಂಬಾತನು ಮನೆಯನ್ನು ಯಂತ್ರಕ್ಕೆ ಹೋಲಿಸಿ 1923ರಲ್ಲಿ ಪುಸ್ತಕ ಬರೆದವನು. ಚಂಡೀಗಢ ನಗರದ ಮೂಲಕ ಭಾರತೀಯರಿಗೂ ಪರಿಚಿತನು. ಪ್ಯಾರಿಸ್ಸಿಗೆ ಸಮೀಪದ ಪ್ವಾಸಿಯಲ್ಲಿ ಸಾವ್ವಾ ದಂಪತಿಗಳಿಗಾಗಿ ಆತನು 1928ರಿಂದ 1931ರವರೆಗೆ ಕಟ್ಟಿಸಿದ ಮನೆಯು ತೆಳುವಾದ ಕಂಬಗಳ ಮೇಲೆ ಹುಲ್ಲುಗಾವಲಿನಲ್ಲಿ ನಿಂತ ಬಿಳಿಯ ಪೆಟ್ಟಿಗೆಯಂತಿದೆ, ಸುಂದರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಚಪ್ಪಟೆಯಾದ ಅದರ ಮಾಳಿಗೆಯು ಸೋರುತ್ತಿತ್ತು. ಹಜಾರದಲ್ಲಿ ಮಳೆ, ಇಳಿಜಾರು ದಾರಿಯ ಮೇಲೆ ಮಳೆ, ಬಚ್ಚಲುಮನೆಯ ಬೆಳಕಿಂಡಿಯಿಂದ ಮಳೆ ಎಂದು ಆ ಮನೆಯ ಗೃಹಿಣಿಯು 1936ರಲ್ಲಿ ಶಿಲ್ಪಿಗೆ ಕಾಗದ ಬರೆಯಬೇಕಾಯಿತು. ಮರುವರ್ಷ ಆಕೆಯ ಧಾಟಿಯು ಇನ್ನೂ ಕಠಿನವಾಯಿತು. ಯುದ್ಧವು ಬಂದು 1940ರಲ್ಲಿ ಆ ಕುಟುಂಬವು ಮನೆಯನ್ನೇ ಬಿಟ್ಟುಹೋಯಿತು. ಅದನ್ನು 1965ರಲ್ಲಿ ಫ್ರಾನ್ಸ್ ಸರಕಾರವು ಸಂರಕ್ಷಿತ ಸ್ಮಾರಕವೆಂದು ಸಾರಿತು, 2016ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿತು. ಲೋಕವು ನೋಡಲು ಬರುತ್ತದೆ, ವಾಸಿಸುವವರಿಲ್ಲ. ಕಲೆಯ ಲೆಕ್ಕದಲ್ಲಿ ಗೆದ್ದು ಮನೆಯ ಲೆಕ್ಕದಲ್ಲಿ ಸೋತ ಕಟ್ಟಡವೆಂದು ಅದನ್ನು ಕರೆದರೆ ಅನ್ಯಾಯವಾಗಲಾರದು.

ಅದೇ ಕಾಲದಲ್ಲಿ ಜರ್ಮನಿಯಲ್ಲಿ ಇನ್ನೊಂದು ಬಗೆಯ ಪ್ರಯತ್ನವೂ ನಡೆಯಿತು. ಅದು ಹೆಚ್ಚು ಗೌರವಕ್ಕೆ ಪಾತ್ರವಾದುದು. ಫ್ರಾಂಕ್‌ಫರ್ಟ್ ನಗರಸಭೆಯು ಕಾರ್ಮಿಕರಿಗಾಗಿ ಮನೆಗಳನ್ನು ಕಟ್ಟಿಸುತ್ತಿದ್ದಾಗ, ಮಾರ್ಗರೇಟೆ ಲಿಹೋಟ್ಸ್ಕಿ ಎಂಬ ಸ್ತ್ರೀಶಿಲ್ಪಿಯು 1926ರಲ್ಲಿ ಆ ಮನೆಗಳ ಅಡುಗೆಮನೆಯನ್ನು ಯೋಜಿಸಿದಳು. ಅಡುಗೆಯ ಒಂದೊಂದು ಕೆಲಸಕ್ಕೆ ಎಷ್ಟು ಹೆಜ್ಜೆ, ಎಷ್ಟು ಹೊತ್ತು ಎಂಬ ಲೆಕ್ಕವನ್ನು ಆಧಾರವಾಗಿಟ್ಟುಕೊಂಡು, ಸುಮಾರು 1.9 ಮೀಟರ್ ಅಗಲ 3.4 ಮೀಟರ್ ಉದ್ದದ ಸ್ಥಳದಲ್ಲಿ ಒಲೆ, ತೊಳೆಯುವ ತೊಟ್ಟಿ, ಸಾಮಾನಿನ ಖಾನೆಗಳು ಎಲ್ಲವನ್ನೂ ಕೈಗೆಟಕುವಂತೆ ಜೋಡಿಸಿದಳು. ಅಂಥ ಅಡುಗೆಮನೆಗಳು ಹತ್ತು ಸಾವಿರದಷ್ಟು ಸಿದ್ಧವಾದುವು. ಒಲೆಯ ಮುಂದೆ ನಿಲ್ಲುವವಳ ಕಾಲುನೋವನ್ನು ಶಿಲ್ಪಶಾಸ್ತ್ರದ ವಿಷಯವೆಂದು ಎಣಿಸಿದವರು ಅದಕ್ಕೆ ಮೊದಲು ವಿರಳ. ಆದರೂ ಅಲ್ಲೊಂದು ಕೊರತೆಯು ಉಳಿಯಿತು. ಆ ಅಡುಗೆಮನೆಯಲ್ಲಿ ಒಬ್ಬಳಿಗೆ ಮಾತ್ರ ಸ್ಥಳ. ಮಗಳು ಪಕ್ಕದಲ್ಲಿ ಕುಳಿತು ಅವರೆಕಾಯಿ ಸುಲಿಯುವುದಾಗಲಿ, ನೆರೆಯವಳು ಬಾಗಿಲಿಗೊರಗಿ ಸುದ್ದಿ ಹೇಳುವುದಾಗಲಿ ಹೆಜ್ಜೆಗಳ ಲೆಕ್ಕದಲ್ಲಿ ಬರುವುದಿಲ್ಲ. ಅದನ್ನು ಯೋಜಿಸುವುದಕ್ಕೆ ಮುಂಚೆ ತಾನು ಅಡುಗೆಯನ್ನೇ ಮಾಡಿದವಳಲ್ಲವೆಂದು ಆ ಶಿಲ್ಪಿಯು ಮುಂದೆ ಸಂಕೋಚವಿಲ್ಲದೆ ಹೇಳಿಕೊಂಡಳು. ಆ ಪ್ರಾಮಾಣಿಕತೆಯು ಮೆಚ್ಚತಕ್ಕದ್ದೇ ಸರಿ. ಅಳೆಯುವುದು ಕೇಳುವುದಕ್ಕೆ ಸಮನಲ್ಲವೆಂಬುದು ಅದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ಶಿಲ್ಪಿಯು ತನ್ನ ವಿವೇಕವನ್ನೆಲ್ಲ ಬದಿಗಿಟ್ಟು, ಮನೆಯ ಯಜಮಾನನು ಕೇಳಿದುದನ್ನು ಕೇಳಿದಂತೆ ಬರೆದುಕೊಡುವುದೇ ಧರ್ಮವೇ? ಹಾಗೆ ವಾದಿಸುವವರು ಉಂಟು. ಹಣ ಅವನದು, ನಿವೇಶನ ಅವನದು, ಬಾಳು ಅವನದು. ನಡುವೆ ಶಿಲ್ಪಿಗೇನು ಅಧಿಕಾರ ಎಂಬುದು ಅವರ ಪ್ರಶ್ನೆ. ಇದಕ್ಕೆ ಪ್ರತಿಯಾಗಿ ಕೆಲವರು ವೈದ್ಯನ ದೃಷ್ಟಾಂತವನ್ನು ಕೊಡುತ್ತಾರೆ: ರೋಗಿಯು ಬಯಸಿದ ಪಥ್ಯವನ್ನೇ ವೈದ್ಯನು ವಿಧಿಸಿದರೆ ವೈದ್ಯನೇಕೆ? ದೃಷ್ಟಾಂತವು ಅರ್ಧ ಮಾತ್ರ ಸರಿ. ಗೃಹಸ್ಥನು ರೋಗಿಯಲ್ಲ; ಹಳದಿ ಬಣ್ಣವನ್ನು ಮೆಚ್ಚುವುದು ವ್ಯಾಧಿಯಲ್ಲ. ಅವನ ರುಚಿಯು ಅವನ ಕಣ್ಣಿಗೆ ಮಾತ್ರ ತಟ್ಟುವಷ್ಟರ ಮಟ್ಟಿಗೆ ಶಿಲ್ಪಿಯು ಮೌನವಾಗಿರತಕ್ಕದ್ದು. ಆದರೆ ಯಜಮಾನನು ತನ್ನದೆಂದು ತಿಳಿದ ಮನೆಯಲ್ಲಿ ಅವನ ಪಾಲು ಎಷ್ಟು? ಹಗಲೆಲ್ಲ ಹೊರಗಿದ್ದು ರಾತ್ರಿ ಮಲಗಲು ಬರುವವನು ಅವನು. ಇಡೀ ದಿನ ಅದರೊಳಗೆ ಇರತಕ್ಕವರು ಬೇರೆ. ಅವನು ಗೋಡೆಯನ್ನು ನಿವೇಶನದ ಅಂಚಿಗೆ ತಂದರೆ ಕತ್ತಲಾಗುವುದು ಪಕ್ಕದ ಮನೆಯ ಕಿಟಕಿ. ಬೆಂಗಳೂರಿನಂಥ ಊರುಗಳಲ್ಲಿ 30 ಅಡಿ ಅಗಲ 40 ಅಡಿ ಉದ್ದದ ನಿವೇಶನವನ್ನು ಒಂದು ಅಂಗುಲವೂ ಬಿಡದೆ ತುಂಬಿ, ಮೇಲೆ ಮೂರು ಅಂತಸ್ತು ಏರಿಸಿ ಬಾಡಿಗೆಗೆ ಕೊಡುವವನ ಮನೆಯಲ್ಲಿ, ಹಗಲಿನಲ್ಲಿಯೂ ದೀಪ ಹಚ್ಚಿಕೊಂಡು ಪಾಠ ಓದುವ ಮಗುವು ಅವನದಲ್ಲ. ಮೊದಲು ಜಗಲಿಯಿದ್ದ ಸ್ಥಳದಲ್ಲಿ ಈಗ ಮೋಟಾರು ನಿಲ್ಲುತ್ತದೆ. ದಾರಿಹೋಕನ ಮಾತು ಹಾಗಿರಲಿ, ಮನೆಯ ಮುದುಕರಿಗೇ ಬೀದಿಯನ್ನು ನೋಡುತ್ತ ಕೂಡುವುದಕ್ಕೆ ಎಡೆಯಿಲ್ಲ. ಆಗ್ನೇಯದಲ್ಲಿ ಒಲೆ ಬರಲೇಬೇಕೆಂಬ ಭಯದಿಂದ ಅಡುಗೆಮನೆಯ ಕಿಟಕಿಯನ್ನು ಗೋಡೆಯ ಪಾಲು ಮಾಡಿದವರೂ ಇದ್ದಾರೆ. ಅಗ್ನಿಯ ದಿಕ್ಕನ್ನು ಕೇಳಿದರು, ಅಗ್ನಿಯ ಮುಂದೆ ಬೇಯುವವಳನ್ನು ಕೇಳಲಿಲ್ಲ. ಇಂಥ ಕಡೆಗಳಲ್ಲಿ ಶಿಲ್ಪಿಯು ಸುಮ್ಮನಿದ್ದರೆ ಅದು ವಿನಯವಲ್ಲ. ಮಾತನಾಡಲಾರದವರ ಪರವಾಗಿ ಆ ಕೊಠಡಿಯಲ್ಲಿ ಮಾತನಾಡಬಲ್ಲವನು ಅವನೊಬ್ಬನೇ. ಅವರಿಗೆ ಏನಾಗುತ್ತದೆಂಬುದನ್ನು ಕಾಗದದ ಮೇಲಿನ ಗೆರೆಯಲ್ಲಿ ಮುಂಚಿತವಾಗಿ ಕಾಣಬಲ್ಲ ಕಣ್ಣು ಅವನಿಗೆ ಮಾತ್ರ ಇದೆ. ಆ ಕಣ್ಣಿಗಾಗಿಯೇ ಶಾಸ್ತ್ರವು ಅವನಲ್ಲಿ ದಯೆಯನ್ನು ಬೇಡಿದುದು.

ಹೀಗೆ ನಡೆದುಕೊಳ್ಳಲು ಯತ್ನಿಸಿದ ಒಬ್ಬ ಶಿಲ್ಪಿಯ ಚರಿತ್ರೆಯು ಕನ್ನಡನಾಡಿನ ನೆರೆಯಲ್ಲಿಯೇ ದೊರೆಯುತ್ತದೆ. ಲಾರೀ ಬೇಕರ್ ಎಂಬಾತನು 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದವನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಚೀನಾದೇಶದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ ಹಿಂತಿರುಗುವಾಗ, ಹಡಗಿಗಾಗಿ ಮುಂಬಯಿಯಲ್ಲಿ ಕಾಯಬೇಕಾಗಿ ಬಂದು ಅಲ್ಲಿ ಗಾಂಧೀಜಿಯವರನ್ನು ಕಂಡನು. ಚಿಂದಿಬಟ್ಟೆಯಿಂದ ಹೊಲಿದ ಅವನ ಚೀನೀ ಪಾದರಕ್ಷೆಗಳು ಅವರ ಕಣ್ಣಿಗೆ ಬಿದ್ದುವೆಂದು ಹೇಳುತ್ತಾರೆ. ಮನೆಗೆ ಬೇಕಾದ ಸಾಮಗ್ರಿಗಳೆಲ್ಲ ಅದನ್ನು ಕಟ್ಟುವ ಸ್ಥಳದ ಸುತ್ತ ಐದು ಮೈಲಿಗಳೊಳಗೆ ದೊರೆತವಾಗಿರಬೇಕೆಂಬ ಅವರ ಅಭಿಪ್ರಾಯವನ್ನು ಬೇಕರನು ಕಡೆಯವರೆಗೂ ನೆನೆಯುತ್ತಿದ್ದನು. 1945ರಲ್ಲಿ ಕುಷ್ಠರೋಗಿಗಳ ಸೇವಾಸಂಸ್ಥೆಯೊಂದರ ಕಟ್ಟಡಗಳ ಕೆಲಸಕ್ಕಾಗಿ ಭಾರತಕ್ಕೆ ಬಂದವನು ಮತ್ತೆ ಇಲ್ಲಿಂದ ಹೊರಡಲಿಲ್ಲ. 1948ರಲ್ಲಿ ಕೇರಳ ಮೂಲದ ವೈದ್ಯೆಯೊಬ್ಬರನ್ನು ವಿವಾಹವಾಗಿ ಹಿಮಾಲಯದ ಪಿಥೋರಾಗಢದಲ್ಲಿ ಅನೇಕ ವರ್ಷಗಳನ್ನು ಕಳೆದನು. ತಾನು ಕಲಿತುಬಂದ ವಿದ್ಯೆಯಿಂದ ಅಲ್ಲಿ ಉಪಯೋಗವು ಅಲ್ಪವೆಂದೂ, ಕಲ್ಲು ಮಣ್ಣು ಮರಗಳಿಂದ ಮನೆ ಕಟ್ಟುವ ಹಳ್ಳಿಗರು ತಮ್ಮ ಚಳಿ ಮಳೆಗಳಿಗೆ ಉತ್ತರವನ್ನು ಎಂದೋ ಕಂಡುಕೊಂಡಿರುವರೆಂದೂ ಅಲ್ಲಿಯೇ ಅವನಿಗೆ ತಿಳಿಯಿತು. ಮುಂದೆ ತಿರುವನಂತಪುರದಲ್ಲಿ ನೆಲಸಿ, 2007ರಲ್ಲಿ ತೀರಿಕೊಳ್ಳುವವರೆಗೂ ಕಟ್ಟುತ್ತಲೇ ಇದ್ದನು.

ಅವನ ಕ್ರಮವು ವಿಚಾರಾರ್ಹವಾದುದು. ಗುತ್ತಿಗೆದಾರನನ್ನು ನಡುವೆ ಇಟ್ಟುಕೊಳ್ಳದೆ, ನಿವೇಶನದಲ್ಲಿಯೇ ಗಾರೆಯವರೊಡನೆ ನಿಂತು ಕೆಲಸ ಮಾಡಿಸುತ್ತಿದ್ದನು. ಮರವಿದ್ದರೆ ಗೋಡೆಯನ್ನು ಬಾಗಿಸುತ್ತಿದ್ದನು, ಮರವನ್ನು ಕಡಿಯುತ್ತಿರಲಿಲ್ಲ. ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಡುವ ಗೋಡೆಯಿಂದ ಸುಮಾರು ನಾಲ್ಕನೆಯ ಒಂದು ಪಾಲು ಇಟ್ಟಿಗೆ ಉಳಿಯುತ್ತಿತ್ತು. ಒಳಗಿನ ಗಾಳಿಯು ಸೆಕೆಯನ್ನೂ ತಡೆಯುತ್ತಿತ್ತು. ಕಾಂಕ್ರೀಟಿನ ಮಾಳಿಗೆಯ ಕೆಳಭಾಗದಲ್ಲಿ, ಭಾರ ಹೊರದ ಕಡೆಯಲ್ಲಿ, ಸಿಮೆಂಟಿನ ಬದಲಾಗಿ ಹಳೆಯ ಮಂಗಳೂರು ಹಂಚುಗಳನ್ನು ಹುದುಗಿಸುತ್ತಿದ್ದನು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆಯಿಟ್ಟು ಲೋಕಕ್ಕೆ ಕೊಟ್ಟ ಆ ಹಂಚು, ಮಾಡಿನಿಂದ ಕೆಳಗಿಳಿದ ಮೇಲೆ ಹೀಗೆ ಎರಡನೆಯ ಜನ್ಮವನ್ನು ಪಡೆಯಿತು. ನಳಂಚಿರದ ಕಲ್ಲುಗುಡ್ಡದ ಮೇಲಿನ ಅವನ ಸ್ವಂತ ಮನೆಯಲ್ಲಿಯೂ ಯಾರೋ ಕಿತ್ತುಹಾಕಿದ ಬಾಗಿಲು ಕಿಟಕಿಗಳೇ. ಮಿತವ್ಯಯವು ಬಡವರಿಗೆ ಮಾತ್ರ ವಿಧಿಸತಕ್ಕ ವ್ರತವಲ್ಲ, ಸಿರಿವಂತನೂ ಪಾಲಿಸತಕ್ಕದ್ದು ಎಂಬುದು ಅವನ ಮತ. ಬೇಡದ ಒಂದು ಗೋಡೆಯನ್ನು ಹಾಕಿದರೆ ಆ ಇಟ್ಟಿಗೆಗಳನ್ನು ಸುಡಲು ಕಡಿದ ಮರವೂ, ಆ ಇಟ್ಟಿಗೆಗಳು ದೊರೆಯದೆ ಹೋದ ಇನ್ನೊಬ್ಬನ ಗುಡಿಸಲೂ ಲೆಕ್ಕಕ್ಕೆ ಬರುತ್ತವೆ. ಮಾತನಾಡದವರ ಪಟ್ಟಿಗೆ ಹೀಗೆ ಅವನು ಕಾಡನ್ನೂ ನೆರೆಯ ಬಡವನನ್ನೂ ಸೇರಿಸಿದನು.

ಅವನಲ್ಲಿಯೂ ಹಟವಿರಲಿಲ್ಲವೆಂದಲ್ಲ. ಗಾರೆ ಬಳಿಯದೆ ಇಟ್ಟಿಗೆಯನ್ನು ಹಾಗೆಯೇ ಬಿಡುವುದು ಅವನ ಕಣ್ಣಿಗೆ ಚೆಲುವು, ಮಿತವ್ಯಯ, ಸತ್ಯ ಎಲ್ಲವೂ ಆಗಿತ್ತು. ಬಡವನ ಕಣ್ಣಿಗೆ ಅದು ಬೇರೆ. ತಲೆತಲಾಂತರದಿಂದ ಸುಣ್ಣ ಕಾಣದ ಗೋಡೆಯಲ್ಲಿ ಬಾಳಿದವನು ಒಮ್ಮೆಯಾದರೂ ನುಣ್ಣಗೆ ಗಾರೆ ಮಾಡಿದ ಬಿಳಿಯ ಗೋಡೆಗೆ ಬೆನ್ನಾನಿಸಿ ಕೂಡಬೇಕೆಂದು ಬಯಸಿದರೆ, ಆ ಬಯಕೆಯನ್ನು ಆಡಂಬರವೆಂದು ತಳ್ಳಿಹಾಕುವ ಹಕ್ಕು ಸುಖದಲ್ಲಿ ಹುಟ್ಟಿ ಸರಳತೆಯನ್ನು ಆರಿಸಿಕೊಂಡವನಿಗೆ ಉಂಟೆ? ಆರಿಸಿಕೊಂಡ ಬಡತನವೂ ಹೊತ್ತುಕೊಂಡ ಬಡತನವೂ ಒಂದಲ್ಲ. ಈ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ಆ ಹೊರೆಯನ್ನು ಹೊತ್ತವನಿಗಾಗಿ ಒಂದು ಕೋಣೆಗಾದರೂ ಗಾರೆ ಬಳಿಯುವುದು ತತ್ತ್ವಭಂಗವಾಗುತ್ತಿರಲಿಲ್ಲ. ಆದರೆ ಸಾವ್ವಾ ದಂಪತಿಗಳ ಶಿಲ್ಪಿಗೂ ಇವನಿಗೂ ಇರುವ ಅಂತರವನ್ನು ಇದು ಅಳಿಸಲಾರದು. ಕಟ್ಟುವ ದಿನಗಳಲ್ಲಿ ಬೇಕರನು ನಿವೇಶನದಲ್ಲಿಯೇ ಸಿಕ್ಕುತ್ತಿದ್ದನು; ದೂರನ್ನು ಹೇಳುವುದಕ್ಕೆ ಕಾಗದ ಬರೆಯಬೇಕಾಗಿರಲಿಲ್ಲ.

ಪಾಯ ತೋಡುವುದಕ್ಕೆ ಮುಂಚೆ ನೆಲದ ಮೇಲೆ ದಾರ ಹಿಡಿದು ಸುಣ್ಣದ ಪುಡಿಯಿಂದ ಗೋಡೆಗಳ ಗುರುತು ಹಾಕುವ ಪದ್ಧತಿಯು ಎಲ್ಲ ಕಡೆಯಲ್ಲಿಯೂ ಇದೆ. ಸಾಮಾನ್ಯವಾಗಿ ಆ ಹೊತ್ತಿಗೆ ಅಲ್ಲಿರುವವರು ಮೇಸ್ತ್ರಿ, ಯಜಮಾನ, ಪುರೋಹಿತ ಇಷ್ಟೇ ಜನ. ಆ ದಿವಸ ಮನೆಯವರನ್ನೆಲ್ಲ ಕರೆತಂದು ಆ ಬಿಳಿಯ ಗೆರೆಗಳ ನಡುವೆ ನಡೆಸಿ ನೋಡುವ ಶಿಲ್ಪಿಗಳು ಅಲ್ಲಲ್ಲಿ ಇಲ್ಲದಿಲ್ಲ. ಎಂಬತ್ತರ ಅಜ್ಜಿಯೊಬ್ಬಳು ಕೋಲೂರಿಕೊಂಡು ತನ್ನ ಹಾಸಿಗೆ ಬರತಕ್ಕ ಸ್ಥಳದಲ್ಲಿ ನಿಲ್ಲುತ್ತಾಳೆ. ಅಲ್ಲಿಂದ ಬಚ್ಚಲಿನ ಗುರುತಿನವರೆಗೆ, ಕತ್ತಲೆಯಲ್ಲಿ ನಡೆಯುವಂತೆ ನಿಧಾನವಾಗಿ ಹೋಗುತ್ತಾಳೆ. ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳುತ್ತಾಳೆ. ಹಿಡಿದುಕೊಳ್ಳಲು ಗೋಡೆಯಿಲ್ಲದ ಕಡೆ ಅವಳ ಎಡಗೈಯು ಬರಿಯ ಗಾಳಿಯನ್ನು ತಡವುತ್ತದೆ. ಶಿಲ್ಪಿಯು ಅದನ್ನು ನೋಡುತ್ತಾನೆ. ಸುಣ್ಣದ ಗೆರೆಯನ್ನು ಕಾಲಿನಿಂದ ಒರಸಿ ಇನ್ನೊಂದನ್ನು ಎಳೆಯುವುದಕ್ಕೆ ಅರೆಗಳಿಗೆಯೂ ಬೇಕಾಗುವುದಿಲ್ಲ. ಮೇಸ್ತ್ರಿಯು ದಾರವನ್ನು ಬಿಚ್ಚಿ ಮತ್ತೆ ಗೂಟ ಬಡಿಯುತ್ತಾನೆ.